ಬಲೂನು ಒಡೆಯುವ ಭಾವ

ನನ್ನ ಭಾವನಷ್ಟು ಬಲೂನು ಒಡೆದವನು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಸೇರಿಸಿ ಹುಡುಕಿದರೂ ಸಿಗಲಿಕ್ಕಿಲ್ಲ. ಮೂರು ತಾಲೂಕು ಯಾಕೆ, ಇಡೀ ರಾಜ್ಯ ಎಂದರೂ ನಾನು ಹಿಂದೆ ಸರಿಯುವುದಿಲ್ಲ! ಮಕ್ಕಳು ಬಲೂನು ಒಡೆದರೆ ಬೈಗುಳ ಸಿಗುತ್ತದೆ. ಇವನಿಗೆ ಸಂಬಳ ಸಿಗುತ್ತಿತ್ತು. ಪುಣೆ ಕಡೆಯ ಕಾರ್ಖಾನೆಯೊಂದು ಎಷ್ಟೋ ವರ್ಷ ಇವನಿಂದ ಬಲೂನು ಮಾಡಿಸಿತು, ಮಾಡಿದ್ದನ್ನು ಇವನಿಂದಲೇ ಒಡೆಸಿತು, ಕೊನೆಗೆ ಹಾರ ಹಾಕಿ ಕಳಿಸಿತು. ಇಂಥ ಉದ್ಯೋಗ ಯಾರಿಗುಂಟು ಹೇಳಿ?

ಬಾಯಿಂದ ಊದುವ ಬಲೂನು ಎಂದುಕೊಳ್ಳಬೇಡಿ. ಕ್ಯಾಥೆಟರ್ ಎಂಬ ತೆಳ್ಳಗಿನ ಕೊಳವೆಯೊಂದಿದೆ. ಅದರ ತುದಿಗೆ, ಕಿರುಬೆರಳಿಗಿಂತ ಚಿಕ್ಕದಾದ ಬಲೂನನ್ನು ಮಡಚಿ ಸುತ್ತಿಟ್ಟಿರುತ್ತಾರೆ. ಡಾಕ್ಟರು ಆ ಕೊಳವೆಯನ್ನು ರಕ್ತನಾಳದೊಳಗೆ ತೂರಿಸಿ, ನಾಳ ಎಲ್ಲಿ ಕಿರಿದಾಗಿದೆಯೋ ಅಲ್ಲಿಗೆ ಒಯ್ದು, ಹೊರಗಿನಿಂದ ದ್ರವ ಒತ್ತಿ ಬಲೂನನ್ನು ಉಬ್ಬಿಸುತ್ತಾರೆ. ನಾಳ ಅಗಲವಾಗುತ್ತದೆ. ಬಲೂನನ್ನು ಬತ್ತಿಸಿ ಹೊರಗೆಳೆಯುತ್ತಾರೆ. ಅಷ್ಟೇ. ಈ ‘ಅಷ್ಟೇ’ಗಾಗಿ ಭಾವ ತನ್ನ ಕೂದಲು, ಕಣ್ಣು ಮತ್ತು ನೆಂಟರಿಷ್ಟರ ತಾಳ್ಮೆ ಎಲ್ಲವನ್ನೂ ಸವೆಸಿದ್ದ.

ಅವನು ಶಿರಸಿಗೆ ಬಂದದ್ದು ಅಕ್ಕನ ಸಲುವಾಗಿ. ಅಕ್ಕನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ತವರಿನವರು ಹತ್ತಿರ ಇರಲಿ ಎಂದು ಇಬ್ಬರೂ ಇಲ್ಲಿ ಮನೆ ಮಾಡಿದರು. ಡಯಾಲಿಸಿಸ್‌ಗಾಗಿ ಅಕ್ಕನ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಒಂದಕ್ಕೊಂದು ಜೋಡಿಸಿ ಹೊಲಿದಿದ್ದರು. ಸೂಜಿ ಚುಚ್ಚುವುದು ಅಲ್ಲಿಗೇ. ಆ ಜೋಡಣೆ ತೆರೆದಿದ್ದರೆ ರಕ್ತ ಶುದ್ಧವಾಗುತ್ತದೆ, ಮುಚ್ಚಿದರೆ ಕಷ್ಟ. ಅಕ್ಕನ ಜೀವ ಎಡಗೈಯಲ್ಲಿತ್ತು ಎಂದರೆ ಅದು ಅಲಂಕಾರದ ಮಾತಲ್ಲ.

ಭಾವ ಹುಲೇಕಲ್ ರಸ್ತೆಯಲ್ಲಿ ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ಸುಣ್ಣ ಬಳಿಸಿ, ಒಳಗೆ ಗಾಜಿನ ಕೋಣೆಯೊಂದನ್ನು ಕಟ್ಟಿಸಿದ. ಅದೇ ಕಾರ್ಖಾನೆಗೆ ಮಾದರಿ ಬಲೂನು ಮಾಡಿಕೊಡುವ ಕೆಲಸ. ಒಳಗೆ ಹೋಗಬೇಕಾದರೆ ತಲೆಗೆ ಟೊಪ್ಪಿ, ಬಾಯಿಗೆ ಬಟ್ಟೆ, ಕಾಲಿಗೆ ಬೇರೆ ಚಪ್ಪಲಿ. ನಾನು ಮೊದಲ ಸಲ ಹೋದಾಗ ಇಷ್ಟೆಲ್ಲ ತೊಟ್ಟು ನಿಂತ ಮೇಲೂ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ:

“ಉಸಿರು ಸಣ್ಣಕೆ ಬಿಡು ಮಾರಾಯ.”

“ಬಿಡದೇ ಇದ್ರೆ ಆಗ್ತಾ?”

“ಆದ್ರೆ ಒಳ್ಳೇದೇ ಆತು.”

ಸೇವಿಗೆಯಂಥ ಸಣ್ಣ ಕೊಳವೆಗಳು ಕಾರ್ಖಾನೆಯಿಂದ ಬರುತ್ತಿದ್ದವು. ನೋಡಲಿಕ್ಕೆ ಒಂದೇ ಕೊಳವೆ. ನಿಜವಾಗಿ ಎರಡು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸಿ, ಒಂದರೊಳಗೊಂದು ಕೂರುವಂತೆ ಒಟ್ಟಿಗೇ ಎಳೆದದ್ದು. ಅದನ್ನು ಗಾಜಿನ ಅಚ್ಚಿನೊಳಗಿಟ್ಟು, ಕಾಯಿಸಿ, ಎರಡೂ ತುದಿ ಹಿಡಿದು ಎಳೆದು, ಒಳಗೆ ಗಾಳಿ ಒತ್ತಿದರೆ ಕೊಳವೆಯ ನಡುಭಾಗ ಉಬ್ಬಿ ಅಚ್ಚಿನ ಆಕಾರಕ್ಕೆ ಬರುತ್ತದೆ. ಹೊರಗಿನ ಪದರ ಗಟ್ಟಿ, ಒಳಗಿನದು ಮೆತ್ತಗೆ. ಗಟ್ಟಿಯದೊಂದೇ ಆದರೆ ಮಡಚಿದಾಗ ಅಂಚು ಒರಟಾಗಿ ನಾಳಕ್ಕೆ ತಾಗುತ್ತದೆ. ಮೆತ್ತನೆಯದೊಂದೇ ಆದರೆ ಒತ್ತಿದಷ್ಟೂ ಹಿಗ್ಗುತ್ತ ಹೋಗುತ್ತದೆ, ಅಳತೆಯಲ್ಲಿ ನಿಲ್ಲುವುದಿಲ್ಲ.

“ಸಂಸಾರ ಇದ್ದಾಂಗೆ. ಒಬ್ರು ಗಟ್ಟಿ, ಒಬ್ರು ಮೆತ್ತಗೆ” ಎಂದು ಭಾವ ಬಂದವರಿಗೆಲ್ಲ ವಿವರಿಸುತ್ತಿದ್ದ.

“ಮೆತ್ತಗಿದ್ದವ್ವು ಯಾರು ಹೇಳದನ್ನೂ ಹೇಳಿಬಿಡಿ” ಎಂದು ಅಕ್ಕ ಒಳಗಿನಿಂದ ಕೂಗುತ್ತಿದ್ದಳು. ನಮ್ಮ ಕಡೆಯ ಮಾತಿನಲ್ಲಿ ‘ಎಂದು’ ಎನ್ನಲಿಕ್ಕೂ ‘ಹೇಳಿ’ಯೇ.

ಎಲ್ಲಿ ಹೋದರೂ ಅವನ ಅಂಗಿಯ ಕಿಸೆಯಲ್ಲಿ ದಪ್ಪ ಅಳೆಯುವ ಸಲಕರಣೆಯೊಂದು ಇರುತ್ತಿತ್ತು. ನಮ್ಮ ಕಡೆಯ ತೊಡದೇವು ನಿಮಗೆ ಗೊತ್ತಲ್ಲ? ಕಾದ ಮಡಕೆಯನ್ನು ಬೋರಲು ಹಾಕಿ, ಕಬ್ಬಿನ ಹಾಲಿನಲ್ಲಿ ಕದಡಿದ ಹಿಟ್ಟನ್ನು ಅದರ ಮೇಲೆ ತೆಳ್ಳಗೆ ಬಳಿದು, ಕಾಗದದಂತೆ ಎಬ್ಬಿಸಿ ಮಡಚುವ ಸಿಹಿ. ಅಕ್ಕ ಒಮ್ಮೆ ಬಂದ ನೆಂಟರಿಗೆ ತೊಡದೇವು ಇಟ್ಟಳು. ಭಾವ ತನ್ನ ಪಾಲಿನದನ್ನು ಬಿಡಿಸಿ, ಕಿಸೆಯಿಂದ ಸಲಕರಣೆ ತೆಗೆದು, ನಾಲ್ಕೂ ಮೂಲೆ ಅಳೆದ.

“ದಪ್ಪ ಸಮ ಇಲ್ಲೆ” ಎಂದ ಗಂಭೀರವಾಗಿ.

ಅಕ್ಕ ಅವನ ತಟ್ಟೆಯನ್ನು ಎತ್ತಿಕೊಂಡಳು. “ಅಳತೆ ಮಾಡ್ಕಂಡೇ ಹೊಟ್ಟೆ ತುಂಬಿಸ್ಗಳಿ. ತಿಂಬವು ಬೇರೆ ಇದ್ದ.”

ನೆಂಟರ ಎದುರಿಗೇ ಭಾವನಿಗೆ ಅಂದು ಸಿಹಿ ಸಿಗಲಿಲ್ಲ. ಕಬ್ಬಿನ ಹಾಲಿನ ಸಿಹಿ ಅಕ್ಕನಿಗೂ ವರ್ಜ್ಯವಾಗಿತ್ತು. ಇಬ್ಬರೂ ಅಡುಗೆಮನೆಯಲ್ಲಿ ಅವಲಕ್ಕಿ ತಿನ್ನುತ್ತ ನಗುತ್ತಿದ್ದುದನ್ನು ನಾನು ನೋಡಿದ್ದೇನೆ.

ಇನ್ನು ಒಡೆಯುವ ವಿಷಯ. ನೆರೆಮನೆಯ ಮಗುವಿನ ಹುಟ್ಟುಹಬ್ಬಕ್ಕೆ ಭಾವನನ್ನು ಕರೆದದ್ದು ಆ ಮನೆಯವರ ತಪ್ಪು. ತೂಗುಬಿಟ್ಟಿದ್ದ ಬಲೂನುಗಳನ್ನು ಒಂದೊಂದಾಗಿ ಇಳಿಸಿ, ಮತ್ತಷ್ಟು ಗಾಳಿ ತುಂಬಿ ಒಡೆದು, ಹರಿದ ಚೂರುಗಳನ್ನು ಮೇಜಿನ ಮೇಲೆ ಹರಡಿ ಪಾಠ ಶುರು ಮಾಡಿದ.

“ಒಡೆಯದ ಬಲೂನು ಹೇಳಿ ಇಲ್ಲೆ. ಹೇಂಗೆ ಒಡೀತು ಹೇಳದು ಮುಖ್ಯ. ಉದ್ದಕ್ಕೆ ಸೀಳಿದ್ರೆ ಒಳ್ಳೇದು, ಮಡಚಿಕಂಡು ಹೊರಗೆ ಬತ್ತು. ಅಡ್ಡ ಹರಿದ್ರೆ ತುಂಡಾಗಿ ಒಂದು ಚೂರು ನಾಳದಲ್ಲೇ ಉಳೀತು. ಆಮೇಲೆ ಕೊಯ್ದೇ ತೆಗೆಯಕಾಗ್ತು.”

ಕೇಕ್ ಇನ್ನೂ ಕೊಯ್ದಿರಲಿಲ್ಲ. ಮಕ್ಕಳೆಲ್ಲ ಒಟ್ಟಿಗೆ ಅಳಲಿಕ್ಕೆ ಶುರು ಮಾಡಿದರು!

ಮುಂದೆ ಅವನು ಮನುಷ್ಯರನ್ನೂ ಹಾಗೆಯೇ ವಿಂಗಡಿಸತೊಡಗಿದ. ಸಿದ್ದಾಪುರದ ನಮ್ಮ ದೊಡ್ಡಪ್ಪ ಉದ್ದಕ್ಕೆ ಒಡೆಯುವವನು, ಕೂಗಾಡುತ್ತಾನೆ, ಮುಗಿಯಿತು. ನನ್ನ ಪಾಳಿ ಬಂದಾಗ ಅವನು ಯೋಚಿಸಲೂ ಇಲ್ಲ. “ನೀ ಅಡ್ಡ ಹರಿಯಂವ. ಒಳಗೆ ಚೂರು ಇಟ್ಗತ್ತೆ.”

ಒಡೆಯುವುದಕ್ಕಿಂತ ದೊಡ್ಡ ಹುಚ್ಚು ಅವನಿಗೆ ಸಂಖ್ಯೆಯದು. ಪ್ರತಿ ಬಲೂನಿನ ಡಬ್ಬಿಯ ಮೇಲೆ ಒಂದು ಸಂಖ್ಯೆ ಅಚ್ಚಾಗಿರುತ್ತದೆ: ಇಷ್ಟು ಒತ್ತಡದವರೆಗೆ ಒಡೆಯುವುದಿಲ್ಲ ಎಂದು. ಆ ಸಂಖ್ಯೆಯನ್ನು ನಿಶ್ಚಯಿಸಲಿಕ್ಕೇ ಅವನು ಅಷ್ಟೊಂದು ಒಡೆಯುತ್ತಿದ್ದದ್ದು. ಹೆಚ್ಚಿನ ಬಲೂನುಗಳು ಅದಕ್ಕಿಂತ ಎಷ್ಟೋ ಮೇಲಿನವರೆಗೂ ತಾಳುತ್ತವೆ. ಆದರೆ ಬರೆಯಬೇಕಾದದ್ದು ಎಲ್ಲಕ್ಕಿಂತ ದುರ್ಬಲವಾದದ್ದನ್ನೂ ಲೆಕ್ಕಕ್ಕೆ ಹಿಡಿದು. ಹಾಗಾಗಿ ಜಗತ್ತಿನಲ್ಲಿ ಎಲ್ಲಿ ಯಾವ ಮಿತಿಯ ಸಂಖ್ಯೆ ಕಂಡರೂ ಅವನಿಗೆ ಅದು ದೇವರ ವಾಕ್ಯ.

ಬಿಳಗಿಯಲ್ಲಿ ಒಂದು ಮದುವೆಗೆ ಹೊರಟಿದ್ದೆವು. ಸಿದ್ದಾಪುರದಲ್ಲಿ ಬಸ್ಸು ಬದಲಿಸಿ ಹತ್ತಿದೆವು. ಭಾವ ಒಳಗೆ ಬರೆದಿದ್ದ ಆಸನಗಳ ಸಂಖ್ಯೆ, ನಿಲ್ಲುವವರ ಸಂಖ್ಯೆ ಎರಡನ್ನೂ ಓದಿ, ಕೂಡಿಸಿ, ತಲೆಗಳನ್ನು ಎಣಿಸಿ, ಸರಸರ ಇಳಿದುಬಿಟ್ಟ.

“ಎಂತ ಆತ್ರಾ? ಹೊಟ್ಟೆ ತೊಳಸ್ತಾ?” ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಕೇಳಿದ.

“ಇಲ್ಲ. ನಾನು ಹೆಚ್ಚಿನವನು.”

“ಎಂತ ಹೆಚ್ಚು?”

“ಬೋರ್ಡಲ್ಲಿ ಬರೆದದ್ದಕ್ಕಿಂತ.”

ಕಂಡಕ್ಟರ್ ಬೋರ್ಡಿನತ್ತ ತಿರುಗಿ ಬೆರಗಾಗಿ ನೋಡಿದ. “ಸ್ವಾಮಿ, ಈ ಬಸ್ಸಿಗೆ ನಾ ಬಂದಾಗಿಂದ ಅದನ್ನ ಓದಿದೋರು ನೀವೇ ಮೊದಲು!”

ಬಸ್ಸು ಹೊರಟಿತು. ನಾನು, ಅಕ್ಕ ಮದುವೆಯೂಟ ಮುಗಿಸಿ ಬಂದಾಗ ಭಾವ ನಿಲ್ದಾಣದ ಕಟ್ಟೆಯ ಮೇಲೆ ಬಾಳೆಹಣ್ಣಿನ ಸಿಪ್ಪೆಗಳ ನಡುವೆ ಶಾಂತನಾಗಿ ಕೂತಿದ್ದ. ನಾನು ಬೈದೆ. ಅವನು ಸಿಟ್ಟಾಗಲಿಲ್ಲ.

“ಆ ಸಂಖ್ಯೆ ಸುಮ್ಮನೆ ಬರೆದಿದ್ದಲ್ಲ ಮಾರಾಯ. ಯಾರೋ ಒಬ್ಬ ಎಷ್ಟೋ ಒಡೆದು ನೋಡಿ ಬರೆದಿದ್ದ.”

ಅಕ್ಕನ ಕೈಯ ಜೋಡಣೆ ಕಿರಿದಾಗುತ್ತ ಬಂದದ್ದು ಅದಾದ ಮೇಲೆ. ಡಯಾಲಿಸಿಸ್ ನಡುವೆ ಯಂತ್ರ ಕೂಗತೊಡಗಿತು. ಹುಬ್ಬಳ್ಳಿಗೆ ಹೋಗಿ ಬಲೂನು ಹಾಕಿಸಿಕೊಂಡು ಬನ್ನಿ ಎಂದು ಇಲ್ಲಿಯ ಡಾಕ್ಟರು ಹೇಳಿದರು. ಬಾಡಿಗೆ ಕಾರಿನ ಇಕ್ಬಾಲ್ ಭಾಯಿ ಬೆಳಗ್ಗೆಯೇ ಬಂದರು. ಭಾವ ನಾಲ್ಕೂ ಚಕ್ರದ ಎದುರು ಕುಕ್ಕರುಗಾಲಲ್ಲಿ ಕೂತು, ಒಡೆದರೆ ಯಾವ ಕಡೆಯಿಂದ ಒಡೆಯಬಹುದು ಎಂದು ವಿಚಾರಿಸಿದ.

“ಸಾರ್, ಹೊರಡೋ ಟೈಮಲ್ಲಿ ಒಡೆಯೋ ಮಾತು ಬ್ಯಾಡ್ರಿ” ಎಂದು ಇಕ್ಬಾಲ್ ಭಾಯಿ ಕೈಮುಗಿದರು.

ಯಲ್ಲಾಪುರ ದಾಟುವವರೆಗೂ ಅಕ್ಕ ಅದನ್ನೇ ನೆನೆದು ನಗುತ್ತಿದ್ದಳು.

ಮುಂದಿನದನ್ನು ನಾನು ಕಂಡ ಹಾಗೆ, ಏನೂ ಸೇರಿಸದೆ ಬರೆಯುತ್ತೇನೆ. ಭಾವ ಬಲೂನು ಮಾಡುವವನೆಂದು ತಿಳಿದು ಹುಬ್ಬಳ್ಳಿಯ ಡಾಕ್ಟರು ನಮ್ಮಿಬ್ಬರಿಗೂ ಗಾಜಿನ ಈಚೆ, ಮೈಕಿನ ಪಕ್ಕ ನಿಲ್ಲಲು ಅನುಮತಿ ಕೊಟ್ಟರು. ಕಪಾಟಿನಿಂದ ಅವರು ತೆಗೆದ ಡಬ್ಬಿ ನೋಡಿ ಭಾವ ನನ್ನ ಭುಜ ಹಿಡಿದುಕೊಂಡ.

“ಯನ್ನದು! ಆನೇ ಮಾಡಿದ್ದು ಅದು!”

“ನಿಮ್ದ ಅಂದ್ರ ಭಾಳ ಚಲೋ ಆತು. ಗ್ಯಾರಂಟಿ ನೀವ ಕೊಡ್ಬೇಕು ನೋಡ್ರಿ” ಎಂದು ಡಾಕ್ಟರು ನಕ್ಕರು.

ಮೇಜಿನ ಮೇಲೆ ಎಚ್ಚರವಾಗಿಯೇ ಮಲಗಿದ್ದ ಅಕ್ಕ ತಲೆ ತಿರುಗಿಸಿ, “ಮನೇಲಿ ಒಡೆದಿದ್ದು ಸಾಕಾಯ್ದಿಲ್ಲೆ ಕಾಣ್ತು” ಎಂದಳು.

ಬಲೂನು ಒಳಗೆ ಹೋಯಿತು. ಉಬ್ಬಿತು. ಪರದೆಯ ಮೇಲೆ ಅದರ ಎರಡೂ ತುದಿ ತುಂಬಿಕೊಂಡವು. ನಡುವೆ ಮಾತ್ರ ಬಿಗಿದು ಕಟ್ಟಿದ ಚೀಲದ ಕುತ್ತಿಗೆಯಂತೆ ಸಣ್ಣಗೇ ಉಳಿಯಿತು. ಒಳಗಿನ ಗಾಯದ ಕಲೆ ಅಷ್ಟು ಗಟ್ಟಿಯಾಗಿತ್ತು. ಡಾಕ್ಟರು ಒತ್ತಡ ಏರಿಸಿದರು. ಮತ್ತೂ ಏರಿಸಿದರು. ಒತ್ತಡ ತೋರಿಸುವ ಮುಳ್ಳು ಡಬ್ಬಿಯ ಮೇಲಿನ ಸಂಖ್ಯೆಗೆ ಬಂದು ನಿಂತಿತು. ಕುತ್ತಿಗೆ ಸಡಿಲವಾಗಲಿಲ್ಲ.

ಡಾಕ್ಟರು ಗಾಜಿನ ಕಡೆ ತಿರುಗಿದರು. ಮೈಕಿನಲ್ಲಿ ಅವರ ದನಿ ಕೇಳಿಸಿತು.

“ಇನ್ನೊಂಚೂರು ಏರಿಸ್ಲೇನ್ರಿ? ತಡೀತೈತೇನು?”

ತಡೆಯುತ್ತದೆ ಎಂಬುದು ಹೆಚ್ಚುಕಡಿಮೆ ಖಚಿತ ಎಂದು ಭಾವನಷ್ಟು ತಿಳಿದವರು ಯಾರೂ ಇರಲಿಲ್ಲ. ತಡೆಯದೆ ಹೋದರೆ ಏನಾಗಬಹುದು ಎಂದೂ ಅವನಷ್ಟು ತಿಳಿದವರಿರಲಿಲ್ಲ. ನಾನು ಅವನ ಪಕ್ಕದಲ್ಲೇ ಇದ್ದೆ. ಅವನು ಬೇಡ ಎಂದು ತಲೆ ಅಲ್ಲಾಡಿಸಿದ. ಡಾಕ್ಟರು ಹುಬ್ಬೇರಿಸಿ ಮತ್ತೆ ಕೇಳಿದರು. ಮತ್ತೆ ಅಲ್ಲಾಡಿಸಿದ.

ಅದಕ್ಕಿಂತ ಗಟ್ಟಿಯಾದ ಬಲೂನು ಆ ಅಳತೆಯಲ್ಲಿ ಅಂದು ಅವರ ಬಳಿ ಇರಲಿಲ್ಲ. ತರಿಸಿ ಕರೆಯುತ್ತೇನೆ ಎಂದರು. ಅದು ಬರುವ ಮೊದಲೇ ಅಕ್ಕನ ಕೈಯ ಜೋಡಣೆ ಮುಚ್ಚಿಹೋಯಿತು. ಕುತ್ತಿಗೆಯಲ್ಲಿ ಕೊಳವೆ ಇಟ್ಟು ಡಯಾಲಿಸಿಸ್ ಮಾಡಿದರು. ಆ ಕೊಳವೆಯ ದಾರಿಯಲ್ಲಿ ಸೋಂಕು ಒಳಹೊಕ್ಕಿತು. ಜ್ವರ ಇಳಿಯಲಿಲ್ಲ. ಅಕ್ಕ ಹೋದಳು.

ಗಾಜಿನ ಈಚೆ ನಡೆದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಆದರೆ ಒಂದು ಪ್ರಶ್ನೆ ನನ್ನೊಳಗೆ ಉಳಿದುಬಿಟ್ಟಿತು. ಅವನು ಹೂಂ ಅಂದಿದ್ದರೆ? ಊಟಕ್ಕೆ ಕೂತರೂ ಅದೇ, ಹುಲೇಕಲ್ ಸೊಸೈಟಿಯಲ್ಲಿ ನನ್ನ ಕೆಲಸದ ಮೇಜಿನ ಎದುರು ಕೂತರೂ ಅದೇ.

ಕ್ರಿಯಾಕರ್ಮಗಳು ಮುಗಿದ ಮೇಲೆ ಒಂದು ಮಧ್ಯಾಹ್ನ ಗೋದಾಮಿಗೆ ಹೋದೆ. ಭಾವ ಕಾರ್ಖಾನೆಯಿಂದ ಅದೇ ಬಗೆಯ ಬಲೂನುಗಳನ್ನು ತರಿಸಿಕೊಂಡಿದ್ದ. ಒಂದೊಂದನ್ನೇ ಬೆಚ್ಚನೆಯ ನೀರಿನಲ್ಲಿ ಮುಳುಗಿಸಿ ಒತ್ತಡ ಏರಿಸುತ್ತಿದ್ದ. ನಾನು ಟೊಪ್ಪಿ ಹಾಕಿಕೊಂಡು ಪಕ್ಕದಲ್ಲಿ ನಿಂತೆ. ಮುಳ್ಳು ಆ ಸಂಖ್ಯೆಗೆ ಬಂತು, ದಾಟಿತು, ಇನ್ನೂ ಮೇಲೆ ಹೋಯಿತು. ಬಹಳ ಮೇಲೆ ಹೋದ ನಂತರ ಬಲೂನು ಒಡೆಯಿತು, ಉದ್ದಕ್ಕೆ. ಇನ್ನೊಂದು. ಅದೂ ಹಾಗೆಯೇ. ಮತ್ತೊಂದು. ಎಲ್ಲವೂ ತಡೆದವು. ನಾನು ನೋಡಿದಷ್ಟರಲ್ಲಿ ಒಂದೂ ಕೈಕೊಡಲಿಲ್ಲ.

“ಸಾಕು ಭಾವ” ಎಂದೆ.

“ತಡೆದ್ವು. ನೋಡಿದ್ಯಲ.”

“ಅಂದಿನದು ತಡೀತಿತ್ತಾ?”

ಅವನು ಕೈಯೊರೆಸಿಕೊಂಡ. “ಗೊತ್ತಿಲ್ಲೆ. ಅದೊಂದನ್ನ ಒಡೆದು ನೋಡಿದ್ನಿಲ್ಲೆ ಅಲ್ದಾ.”

ಮೇಜಿನ ಆ ತುದಿಯಲ್ಲಿ ಹೊಸ ಕೊಳವೆಗಳಿದ್ದವು. ಮೂರು ಪದರದವು: ಎರಡು ಮೆತ್ತನೆಯ ಪದರಗಳ ನಡುವೆ ಗಟ್ಟಿಯದು. ದಪ್ಪ ಹೆಚ್ಚಿಸದೆ ತಾಳಿಕೆ ಹೆಚ್ಚಿಸಬೇಕು; ಅಕ್ಕನಂಥವರ ಕೈಗೆ. ಎಷ್ಟೋ ಪರೀಕ್ಷೆ, ಎಷ್ಟೋ ಪರವಾನಗಿ, ವರ್ಷಗಳ ಕೆಲಸ. ಅದರ ಮೇಲೆ ಯಾವ ಸಂಖ್ಯೆ ಬರೆಯಬೇಕೆಂದು ಅವನಿಗಿನ್ನೂ ಗೊತ್ತಿರಲಿಲ್ಲ.

ತಡೆಯಲಾಗದೆ ಕೇಳಿಬಿಟ್ಟೆ. “ಅಕ್ಕಂಗೆ ಗೊತ್ತಿತ್ತಾ? ನೀ ತಲೆ ಅಲ್ಲಾಡಿಸಿದ್ದು?”

“ಗೊತ್ತಿತ್ತು. ನಿನ್ನಕ್ಕ ಮಲಗಿದಲ್ಲಿಂದ ಯನ್ನನ್ನೇ ನೋಡ್ತಾ ಇತ್ತು.”

ಅಂದು ಹುಬ್ಬಳ್ಳಿಯಿಂದ ವಾಪಸು ಬರುವಾಗ ನಾನು ಕಾರಿನ ಮುಂದಿನ ಸೀಟಿನಲ್ಲಿದ್ದೆ. ಹಿಂದೆ ಯಾವ ಮಾತೂ ನನಗೆ ಕೇಳಿಸಿರಲಿಲ್ಲ. ಭಾವ ಈಗ ಅದನ್ನು ಹೇಳಿದ. ಕಲಘಟಗಿ ದಾಟಿದ ಮೇಲೆ ಅಕ್ಕ ಅವನ ಕಡೆ ವಾಲಿ, ಕಿವಿಯ ಹತ್ತಿರ ಹೇಳಿದ್ದಳಂತೆ:

“ನಿಂಗೊ ಹೂಂ ಹೇಳಿದ್ರೆ ಯಂಗೆ ಹೆದರಿಕೆ ಆಗ್ತಿತ್ತು. ಗಾಜಿನ ಆಚೆ ನಿಂತಂವ ಬೇರೆ ಯಾರೋ ಹೇಳಿ ಕಾಣ್ತಿತ್ತು.”

“ಅಷ್ಟು ಹೇಳಿ ನಿದ್ದೆ ಹೋತು ಮಾರಾಯ” ಎಂದ ಭಾವ. “ಶಿರಸಿ ಬಂದ್ರೂ ಆನು ಎಬ್ಬಿಸಿದ್ನಿಲ್ಲೆ. ನೀ ಇಳಿದ ಮೇಲೆ ಆನು ಇಕ್ಬಾಲ್ ಭಾಯಿಗೆ ಹೇಳಿ ಊರು ಒಂದು ಸುತ್ತು ಹಾಕಿಸಿದಿ.”