ಕಾಣೆಯಾದ ಏಳು ಅಂತಸ್ತು

ನಮ್ಮ ಸೋದರಮಾವನಷ್ಟು ಪುಕ್ಕಲು ಮನುಷ್ಯ ಚಿಂತಾಮಣಿಯಲ್ಲಿ ಇನ್ನೊಬ್ಬರಿಲ್ಲ. ಇದ್ದರೂ ಅವರು ಹೆದರಿ ಮನೆಯಿಂದ ಆಚೆಗೇ ಬಂದಿರಲಾರರು, ಹಾಗಾಗಿ ನಮಗೆ ಗೊತ್ತಾಗುವ ಹಾಗಿಲ್ಲ. ಬಸ್ಸಿನಲ್ಲಿ ಮಾವ ಚಕ್ರದ ಮೇಲಿನ ಸೀಟಿನಲ್ಲಿ ಕೂರುತ್ತಿರಲಿಲ್ಲ. ಗುಡುಗಿದರೆ ಟೀವಿಯ ಪ್ಲಗ್ಗನ್ನಷ್ಟೇ ಅಲ್ಲ, ಗೋಡೆ ಗಡಿಯಾರದ ಸೆಲ್ಲನ್ನೂ ತೆಗೆದಿಡುತ್ತಿದ್ದರು. ಇಂಥವರಿಗೆ ಹಿಡಿದ ಹುಚ್ಚು ಯಾವುದು ಅಂತೀರಿ? ಆಕಾಶನೌಕೆಯ ಸಿನಿಮಾ!

ಒಂದೇ ನೌಕೆಯ ಕಥೆಯನ್ನು ಭಾಗ ಭಾಗವಾಗಿ ತೆಗೆದಿದ್ದ ಇಂಗ್ಲಿಷ್ ಚಿತ್ರಗಳು ಅವು. ನಮ್ಮ ಕಡೆಗೆ ತೆಲುಗು ಮಾತಾಡಿಕೊಂಡು ಬರುತ್ತಿದ್ದವು. ಹೊಸ ಶತಮಾನ ಹುಟ್ಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಮುರುಗಮಲ್ಲದಿಂದ ಬಂದು ಮಾವನ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದೆ. ಮಾವ ಸರ್ಕಾರಿ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವವರು. ಸಿ.ಡಿ. ಬಾಡಿಗೆಗೆ ತಂದು, ನಿಲ್ಲಿಸಿ ನಿಲ್ಲಿಸಿ ನೋಡಿ, ಆ ನೌಕೆಗೂ ಒಂದು ನಕ್ಷೆ ಬರೆಯಲು ಕೂತರು. ನಮ್ಮೆಲ್ಲರ ನೆಮ್ಮದಿ ಅಲ್ಲಿಗೆ ಮುಗಿಯಿತು.

"ನೋಡಮ್ಮ, ಆಚೆಯಿಂದ ಎಣಿಸಿದ್ರೆ ಕಿಟಕಿ ಸಾಲು ಹನ್ನೆರಡು. ಒಳಗೆ ಲಿಫ್ಟಲ್ಲಿ ಹತ್ತೊಂಬತ್ತನೇ ಅಂತಸ್ತಿಗೆ ಹೋಗ್ತಾರೆ. ಇನ್ನು ಏಳು ಎಲ್ಲಿ?"

"ಅವಕ್ಕೆ ಕಿಟಕಿ ಇಟ್ಟಿಲ್ವೇನೋ ಮಾವ."

"ಅದೇ ನಾನೂ ಕೇಳ್ತಿರೋದು. ಯಾಕೆ ಇಟ್ಟಿಲ್ಲ?"

ಅಂದಿನಿಂದ ಆ ಸಿನಿಮಾಗಳಲ್ಲಿ ರಾಕ್ಷಸರು ಬಂದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಲಿಫ್ಟ್ ಬಂದರೆ ಮೈ ನಡುಗುತ್ತಿತ್ತು.

ಒಂದು ಭಾನುವಾರ ಮಾವ ಸಪ್ಪೆ ಮುಖ ಮಾಡಿಕೊಂಡು ಅಡುಗೆಮನೆಗೆ ಬಂದರು. ನೌಕೆಯ ಕಪ್ತಾನನಿಗೆ ಮೊದಲ ಭಾಗದಲ್ಲಿ ಬಲಹುಬ್ಬಿನ ಮೇಲೆ ಗಾಯದ ಗುರುತಿತ್ತಂತೆ. ಮೂರನೆಯದರಲ್ಲಿ ಎಡಹುಬ್ಬಿಗೆ ಹೋಗಿದೆಯಂತೆ.

ಅತ್ತೆ ಸೊಪ್ಪು ಬಿಡಿಸುತ್ತಲೇ ಹೇಳಿದರು, "ಬಣ್ಣ ಹಚ್ಚೋನು ಮರ್ತಿರ್ತಾನೆ ಕಣ್ರೀ."

"ಮರ್ತಿದ್ರೆ ಸರಿ. ಮರ್ತಿಲ್ಲ ಅಂದ್ರೆ?"

ಅತ್ತೆಯ ಕೈ ಒಂದು ಕ್ಷಣ ನಿಂತಿತು. ಮರುದಿನ ಹಾಲಿನವನು ಮೀಸೆ ತೆಗೆಸಿಕೊಂಡು ಬಂದಾಗ ಅವರು ಪಾತ್ರೆ ಚಾಚುವ ಮೊದಲು ಅವನ ಹೆಂಡತಿಯ ಹೆಸರು ಕೇಳಿದರು.

ನೌಕೆಯ ಎಂಜಿನ್ನಿನ ಮೇಲೆ ಒಂದು ಕಾಲುಸೇತುವೆ ಇತ್ತು. ಕೆಳಗೆ ಪಾತಾಳ, ಪಕ್ಕದಲ್ಲಿ ಹಿಡಿಯಲು ಒಂದು ಕಂಬಿಯೂ ಇಲ್ಲ. ಪ್ರತಿ ಭಾಗದಲ್ಲೂ ಯಾರಾದರೂ ಅಲ್ಲಿಂದ ಬೀಳುತ್ತಿದ್ದರು, ಆದರೂ ಮುಂದಿನ ಭಾಗದಲ್ಲಿ ಕಂಬಿ ಇರುತ್ತಿರಲಿಲ್ಲ. ಮಾವ ಸಿನಿಮಾದವರಿಗೆ ಇಂಗ್ಲಿಷಿನಲ್ಲಿ ಎರಡು ಪುಟದ ಕಾಗದ ಬರೆದು, ನಕ್ಷೆ ಲಗತ್ತಿಸಿ, ಓದಿ ಹೇಳಿದರು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ. ಹಂಗೇ ನಮ್ಮ ಮಹಡಿ ಮೆಟ್ಟಲಿಗೂ ಒಂದು ಕಂಬಿ ಹಾಕ್ಸಿ," ಅಂದರು. ಕಾಗದಕ್ಕೆ ಉತ್ತರ ಬರಲಿಲ್ಲ. ಮೆಟ್ಟಲಿಗೆ ಕಂಬಿಯೂ ಬರಲಿಲ್ಲ.

ಕೊನೆಗೊಮ್ಮೆ ಹೊಸ ಭಾಗ ನಮ್ಮೂರಿನ ಟಾಕೀಸಿಗೇ ಬಂತು. ಮ್ಯಾಟಿನಿಗೆ ಮಾವನ ಜೊತೆ ನಾನು ಹೋದೆ. ಪರದೆಯ ಮೇಲೆ ನೌಕೆ ಕಂಡಿದ್ದೇ ತಡ, ಮಾವ ನನ್ನ ಮುಂಗೈ ಹಿಡಿದುಕೊಂಡರು. ಅದರ ಮೂತಿ ಬದಲಾಗಿತ್ತು, ಬಾಗಿಲು ಜಾಗ ಬಿಟ್ಟಿತ್ತು.

"ಇದು ಆ ಹಡಗೇ ಅಲ್ಲ ಕಣಮ್ಮ. ಇವರಿಗೆ ಯಾರೂ ಹೇಳೇ ಇಲ್ವಾ?" ಅಂತ ಪಿಸುಗುಟ್ಟಿದರು. ಅವರ ಅಂಗೈ ತಣ್ಣಗಿತ್ತು. ನನಗೆ ನಗು ಬಂತು.

ಇಂಟರ್ವಲ್ ಆದ ಮೇಲೆ ಸುಟ್ಟ ವಾಸನೆ. ಚಿತ್ರದ್ದೇ ಇರಬೇಕು ಅಂದುಕೊಂಡೆ, ಸಿನಿಮಾದಿಂದ ವಾಸನೆ ಬರುವುದಿಲ್ಲ ಅನ್ನುವುದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಪರದೆಯ ಪಕ್ಕದ ಗೋಡೆಯಿಂದ ಹೊಗೆ ಇಳಿಯುತ್ತಿತ್ತು. ಚಿತ್ರ ಆರಿಹೋಯಿತು. ಕತ್ತಲಲ್ಲಿ ಯಾರೋ "ನಿಪ್ಪು, ನಿಪ್ಪು" ಎಂದು ತೆಲುಗಿನಲ್ಲಿ ಬೆಂಕಿಯ ಹೆಸರು ಕೂಗಿದರು. ಜನ ಒಮ್ಮೆಗೇ ಎದ್ದರು. ಮಾವನ ಕೈ ತಪ್ಪಿತು. ನಾನು ನಡೆದೆನೋ, ಜನವೇ ಹೊತ್ತುಕೊಂಡು ಹೋಯಿತೋ, ಪಕ್ಕದ ಬಾಗಿಲಿನಿಂದ ಬಿಸಿಲಿಗೆ ಬಂದು ಬಿದ್ದೆ. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

ಅಂಗಳದ ತುಂಬ ಹುಡುಕಿದೆ. ಟೀ ಅಂಗಡಿ ನೋಡಿದೆ, ಸೈಕಲ್ ಸ್ಟ್ಯಾಂಡ್ ನೋಡಿದೆ. ಮಾವ ಇಲ್ಲ. ಗುಡುಗಿಗೇ ಕಂಗೆಡುವ ಮನುಷ್ಯ, ಎಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಾರೋ, ಯಾರ ಕಾಲಡಿಗೆ ಸಿಕ್ಕಿದ್ದಾರೋ! ಅತ್ತೆಗೆ ಏನು ಹೇಳುವುದು? ಓಡಿಹೋಗಿ ಗೇಟಿನವನನ್ನು ಕೇಳಿದೆ.

"ದಪ್ಪ ಕನ್ನಡಕದ ಸಾರಾ?" ಅಂದ ಅವನು. "ಎರಡು ಸಲ ಆಚೆಗೆ ಎಳ್ಕೊಂಡು ಬಂದ್ವಮ್ಮ. ಲೋಪಲ ಎವರೂ ಲೇರು ಸಾರೂ, ಒಳಗೆ ಯಾರೂ ಇಲ್ಲ ಅಂದ್ರೆ ಕೇಳಲ್ಲ. ಮತ್ತೆ ಹೊಗೆ ಒಳಕ್ಕೇ ಹೋಗ್ಬಿಟ್ರು."

ಅವನ ಮಾತು ಮುಗಿಯುವಷ್ಟರಲ್ಲಿ ಮಾವ ಬಾಗಿಲಿನಲ್ಲಿ ಕಾಣಿಸಿದರು. ಕೆಮ್ಮುತ್ತಿದ್ದರು. ಪಂಚೆಯ ಮಂಡಿಯೆಲ್ಲ ಧೂಳು. ಕನ್ನಡಕ ಮಸಿಯಾಗಿ ನಾನು ಎದುರಿಗಿದ್ದರೂ ಕಾಣಲಿಲ್ಲ. ಗೇಟಿನವನಿಗೆ ಕೈಯಲ್ಲಿದ್ದ ಚಪ್ಪಲಿ ತೋರಿಸಿದರು.

"ಇದು ನಮ್ಮ ಹುಡುಗೀದು. ಸೀಟಿನ ಕೆಳಗೆ ಸಿಕ್ತು. ಇನ್ನೆರಡು ಸಾಲು ಬಗ್ಗಿ ನೋಡ್ಬೇಕಪ್ಪ, ಬಿಡು ನನ್ನ."

"ಮಾವ, ಇಲ್ಲೇ ಇದ್ದೀನಿ," ಅಂದೆ.

ಮಾವ ಕನ್ನಡಕ ತೆಗೆದರು. ನನ್ನ ಮುಖ ನೋಡಿದರು, ಆಮೇಲೆ ಬರಿಗಾಲು ನೋಡಿದರು. ಬಗ್ಗಿ, ಚಪ್ಪಲಿಯನ್ನು ನನ್ನ ಪಾದದ ಮುಂದಿಟ್ಟರು. ಅದು ಮಗುಚಿಕೊಂಡಿತು. ಮತ್ತೆ ನೆಟ್ಟಗೆ ಮಾಡಿಟ್ಟರು.

"ಹಾಕ್ಕೊಳಮ್ಮ," ಅಂದರು. "ನೆಲ ಕಾದಿದೆ."