ದೊಡ್ಡಪ್ಪ ಸಾಕಿದ ದಂಡು

ಕುಂಪಣಿ ಸೈನ್ಯಕ್ಕೆ ಹೆದರಿದವರುಂಟು, ಹೆದರಿ ಓಡಿದವರುಂಟು. ಆದರೆ ಅದು ಸತ್ತು ಮಣ್ಣಾದ ಎಷ್ಟೋ ಕಾಲದ ಮೇಲೂ ಅದನ್ನು ಮನೆಯ ದನದಂತೆ ಸಾಕಿದವರು ನಮ್ಮ ದೊಡ್ಡಪ್ಪ ಒಬ್ಬರೇ!

ಮಿಡಿಗೇಶಿ ಬೆಟ್ಟದ ಬುಡದಲ್ಲಿ ನಮಗೊಂದು ಹೊಲವಿತ್ತು. ಹಿಂದೆಂದೋ ಅಲ್ಲಿ ಕುಂಪಣಿಯವರಿಗೂ ನಮ್ಮವರಿಗೂ ಕಾಳಗ ನಡೆದು ಎರಡೂ ಕಡೆಯ ಸಿಪಾಯಿಗಳು ಬಿದ್ದು ಅಲ್ಲೇ ಮಣ್ಣಾಗಿದ್ದರಂತೆ. ನಮ್ಮಜ್ಜ ಅದನ್ನು ಲೆಕ್ಕಿಸದೆ ಕಡಲೆಕಾಯಿ ಬೆಳೆದಿದ್ದರು. ದೊಡ್ಡಪ್ಪನ ಯಜಮಾನಿಕೆಯಲ್ಲಿ ಅದು ಬೀಳು. ನೇಗಿಲಿರಲಿ, ಗುದ್ದಲಿಯೂ ಸೋಕುವಂತಿಲ್ಲ. ಊರ ದನಗಳೆಲ್ಲ ಸುತ್ತು ಹಾಕಿಕೊಂಡೇ ಕೆರೆಗೆ ಹೋಗಬೇಕು. ಮದುವೆಯಾಗಿ ಬೇರೆ ಒಲೆ ಹೂಡಿದ ನನ್ನ ಪಾಲಿಗೆ ಬಂದದ್ದೂ ಇದೇ ಹೊಲ! ನಾನೇನು ಬೆಳೆಯಲಿ, ಸಿಪಾಯಿಗಳನ್ನೇ?

ಒಮ್ಮೆ ಮಧುಗಿರಿಯಿಂದ ಅಮಲ್ದಾರರು ಹೊಲ ನೋಡಲು ಬಂದರು. ಬೂಟು ಬಿಚ್ಚದೆ ಒಳಗೆ ಕಾಲಿಡಕೂಡದೆಂದು ದೊಡ್ಡಪ್ಪ ಹಟ ಹಿಡಿದರು. ಹೊಲದ ತುಂಬ ನೆಗ್ಗಿಲುಮುಳ್ಳು. ಅಮಲ್ದಾರರು ಒಂಟಿಕಾಲಲ್ಲಿ ಕುಣಿಯುತ್ತಲೇ ಹೊರಬಂದು ಜಟಕಾ ಹತ್ತಿದರು. ಆಮೇಲೆ ನಮ್ಮ ಮನೆಯ ಯಾವ ಅರ್ಜಿಯೂ ಕಚೇರಿಯಲ್ಲಿ ಅಲುಗಿದ್ದೇ ಇಲ್ಲ.

ಪಿತೃಪಕ್ಷ ಬಂತೆಂದರೆ ಹೊಲದಲ್ಲೇ ಎಡೆ. ನಮ್ಮ ಸಿಪಾಯಿಗಳಿಗೆ ಮುದ್ದೆ, ಹುರುಳಿ ಸಾರು. ಬಿಳಿಯರಿಗೆ ಮುದ್ದೆ ನುಂಗಲು ಬರುವುದಿಲ್ಲವೆಂದು ತುಮಕೂರಿನಿಂದ ಬ್ರೆಡ್ಡು! ಎಡೆಗಳನ್ನು ಎರಡು ಸಾಲು ಮಾಡಿ ಬೆನ್ನಿಗೆ ಬೆನ್ನು ಹಾಕಿ ಇಡಬೇಕಂತೆ. ಯಾಕೆಂದು ದೊಡ್ಡಮ್ಮ ಕೇಳಿದರು.

“ಎದ್ರುಬದ್ರು ಕುಂಡ್ರಿಸುದ್ರೆ ಇನ್ನೊಂದ್ಸಲ ಸುರು ಹಚ್ಕಂತಾರೆ ಕಣೆ,” ಎಂದರು ದೊಡ್ಡಪ್ಪ.

ಇಂಥವರ ಜೊತೆ ಹೇಗೆ ಏಗುವುದು, ನೀವೇ ಹೇಳಿ.

ಆ ವರ್ಷ ಮುಂಗಾರು ಹದವಾಗಿ ಬಿತ್ತು. ನನ್ನ ತಾಳ್ಮೆ ಮುಗಿದಿತ್ತು. ದೊಡ್ಡಪ್ಪ ಮಧುಗಿರಿ ಸಂತೆಗೆ ಹೋದ ದಿನ ನೋಡಿ ಹೊಲಕ್ಕೆ ಎತ್ತು ಹೂಡಿದೆ. ಎರಡು ಸಾಲು ಉಳುವಷ್ಟರಲ್ಲಿ, ಯಾರು ಸುದ್ದಿ ಮುಟ್ಟಿಸಿದರೋ, ದೊಡ್ಡಪ್ಪ ಅರ್ಧ ದಾರಿಯಿಂದ ವಾಪಸು ಓಡಿ ಬಂದರು. ಇನ್ನು ಬೈಗುಳದ ಮಳೆಯೆಂದು ಕಾದೆ. ಅವರು ಏದುಸಿರು ಬಿಡುತ್ತ ಎತ್ತುಗಳ ಮುಂದೆ ಸಾಲಿನಲ್ಲೇ ಕುಳಿತುಬಿಟ್ಟರು.

“ನಿಮ್ಮಪ್ಪ ಜರ್ಮನಿ ಯುದ್ಧದಾಗೆ ದಂಡಿಗೆ ಸೇರಿ ಕಡಲಾಚೆ ಬಸ್ರಾಕೆ ಹೋದ. ನೀನಾಗ ತೊಟ್ಲಾಗಿದ್ದೆ. ಸತ್ತ ಅಂತ ಒಂದು ಕಾಗ್ದ ಬಂತು, ಅಷ್ಟೇಯ. ಅಲ್ಲಿ ಯಾರ ಹೊಲದಾಗೆ ಮಲಗವ್ನೋ. ನಾನಿಲ್ಲಿ ಇವ್ರುನ್ನ ಮುಟ್ದಂಗೆ ಬುಟ್ರೆ, ಅಲ್ಲೂ ಯಾವನೋ ಒಬ್ಬ ನನ್ ತಮ್ಮುನ್ನ ಮುಟ್ದಂಗೆ ಬುಡ್ತಾನೆ ಅಂತ ಕಣ್ಲಾ.”

ನನಗೆ ಅಪ್ಪನ ಮುಖವೇ ಗೊತ್ತಿಲ್ಲ. ಅವರಿಗಾಗಿ ಒಂದು ದಿನವೂ ಅತ್ತವನಲ್ಲ. ಅಂದು ನೊಗ ಬಿಚ್ಚುತ್ತಿದ್ದಂತೆ ಅಳು ಒತ್ತರಿಸಿ ಬಂತು. ದೊಡ್ಡಪ್ಪನ ಪಕ್ಕ ಮಂಡಿಯೂರಿದೆ. ನಾನು ಎಬ್ಬಿಸಿದ ಮಣ್ಣನ್ನು ಇಬ್ಬರೂ ಬೊಗಸೆ ಬೊಗಸೆಯಾಗಿ ಸಾಲಿಗೆ ತುಂಬಿ, ಅಂಗೈಯಿಂದ ಮೆಲ್ಲಗೆ ತಟ್ಟಿದೆವು.