ಸಾಹೇಬರ ಕಾರು ನಿಲ್ಲುವುದಿಲ್ಲ

ಶನಿ ಹೆಗಲೇರಿತು ಎನ್ನುತ್ತಾರಲ್ಲ, ಗುಮಾಸ್ತನ ವಿಷಯದಲ್ಲಿ ಅದು ನಾಲ್ಕು ಚಕ್ರದ ಮೇಲೆ ಬಂದು ಮನೆ ಮುಂದೆಯೇ ನಿಂತಿತು. ಅದು ತೀರಿಹೋದ ಮಾವನ ಕಾರು. ವಯಸ್ಸಿನಲ್ಲಿ ಗುಮಾಸ್ತನಿಗಿಂತ ಹಿರಿಯದು, ಗಾತ್ರದಲ್ಲಿ ಸೋಪಿನ ಡಬ್ಬಿ. ಎಡಕ್ಕೆ ತಿರುಗಿಸಿದರೆ ಬಲಗಡೆಯ ಬಾಗಿಲು ತೆರೆದುಕೊಳ್ಳುತ್ತಿತ್ತು. ತಳ್ಳದ ಹೊರತು ಸ್ಟಾರ್ಟ್ ಆಗುತ್ತಿರಲಿಲ್ಲ. ಮಾರುವ ಮಾತೆತ್ತಿದರೆ ಹೆಂಡತಿಯ ಕಣ್ಣಲ್ಲಿ ನೀರು. “ನಮ್ಮಪ್ಪ ಕೂತಿದ್ದ ಸೀಟು ರೀ ಅದು!”

ತಳ್ಳುವವರಿಗೇನೂ ಬರವಿರಲಿಲ್ಲ, ಅದೇ ತೊಂದರೆ. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರಿಗೆ ಡಾಕ್ಟರು ವ್ಯಾಯಾಮ ಹೇಳಿದ್ದರು. ಎದುರುಮನೆಯ ಟೈಲರಿಗೆ ಅಂಗಡಿ ತೆರೆಯಲು ಯಾವತ್ತೂ ಅವಸರವಿರಲಿಲ್ಲ. ದಿನಾ ಬೆಳಿಗ್ಗೆ ಯಾರು ಬಲಗಡೆ, ಯಾರು ಎಡಗಡೆ ಎಂದು ವಾದ ಮುಗಿದು, ಮೇಷ್ಟ್ರು ಸೀಟಿ ಊದಿ, ಕಾರು ಹೊರಡುವಷ್ಟರಲ್ಲಿ ಆಫೀಸು ಶುರುವಾಗಿರುತ್ತಿತ್ತು.

ನಿನ್ನೆ ಮ್ಯಾನೇಜರು ಕೊನೆಯ ಮಾತು ಹೇಳಿದ್ದರು. “ನಾಳೆ ಒಂದು ನಿಮಿಷ ಲೇಟಾದ್ರೂ ಹಾಗೇ ಮನೆಗೆ ಹೋಗಿ. ಮತ್ತೆ ಬರೋದೇ ಬೇಡ.”

ಮ್ಯಾನೇಜರಿಗೂ ಹಳೇ ಕಾರೇ ಇತ್ತು. ಆದರೆ ಎಲ್ಲಿಯ ಆನೆ, ಎಲ್ಲಿಯ ಆಡು! ಅರಮನೆಯ ಒಂದು ಕೋಣೆಗೆ ಚಕ್ರ ಹಚ್ಚಿದಂತಿತ್ತು ಅದು. ದೂರದಲ್ಲಿ ಹಾರನ್ ಕೇಳಿದೊಡನೆ ವಾಚ್‌ಮನ್ ಗೇಟು ತೆರೆದಿರಬೇಕು. ಕಾರು ಗೇಟಿನಲ್ಲಿ ಅರೆಗಳಿಗೆಯೂ ನಿಲ್ಲದೆ ನೇರ ಒಳಗೆ ಬರಬೇಕು. “ಅಬ್ಬಾ, ಏನು ಗತ್ತು!” ಎಂದು ಆಫೀಸೆಲ್ಲ ಪಿಸುಗುಡುತ್ತಿತ್ತು.

ಈ ವಯಸ್ಸಿನಲ್ಲಿ ತನಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಗುಮಾಸ್ತ ಹೆದರಿ ಅರ್ಧವಾದ. ಬೆಳಿಗ್ಗೆ ಯಾರಿಗೂ ಹೇಳದೆ ಹಿತ್ತಲ ಬಾಗಿಲಿನಿಂದ ಜಾರಿಕೊಂಡು, ಬಸ್ಸು ಹಿಡಿದು, ಕಸ ಗುಡಿಸುವವಳಿಗಿಂತ ಮುಂಚೆ ಕುರ್ಚಿಯಲ್ಲಿ ಹೋಗಿ ಕೂತ. ಬಹಳ ದಿನಗಳ ಮೇಲೆ ಅವನ ಎದೆ ಹಗುರಾಗಿತ್ತು. ಮ್ಯಾನೇಜರು ಬಂದು ತನ್ನನ್ನು ನೋಡಿದರೆ ಸಾಕಿತ್ತು.

ಮ್ಯಾನೇಜರು ಬರಲಿಲ್ಲ. ಬಂದದ್ದು ಸೀಟಿಯ ಸದ್ದು.

ಗುಮಾಸ್ತ ಕಿಟಕಿಯಲ್ಲಿ ಇಣುಕಿದ. ಗೇಟಿನ ಬಾಯಲ್ಲಿ ಮಾವನ ಕಾರು! ಸ್ಟೀರಿಂಗ್ ಹಿಡಿದು ಹೆಂಡತಿ, ಹಿಂದೆ ಬೆವರು ಸುರಿಸುತ್ತಾ ಮೇಷ್ಟ್ರು, ಟೈಲರ್. ಅವನು ಎದ್ದೆನೋ ಬಿದ್ದೆನೋ ಎಂದು ಓಡಿದ.

“ಗಾಬರೀಲಿ ಕಾರೇ ಮರೆತು ಬಂದುಬಿಟ್ರಲ್ರೀ!” ಎಂದಳು ಹೆಂಡತಿ. “ನಂಗೆ ಗೇರ್ ಹಾಕೋಕೆ ಬರಲ್ಲ ಅಂತ ಪಾಪ, ಇವರು ಇಲ್ಲಿವರೆಗೂ ತಳ್ಕೊಂಡೇ ಬಂದ್ರು.”

“ಪೂರಾ ಇಳಿಜಾರು ಬಿಡಿ, ಕಷ್ಟ ಆಗ್ಲಿಲ್ಲ,” ಎಂದರು ಮೇಷ್ಟ್ರು.

ಅಷ್ಟರಲ್ಲಿ ಹಿಂದಿನಿಂದ ಹಾರನ್ ಕೇಳಿಸಿತು. ವಾಚ್‌ಮನ್ ಗೇಟನ್ನೇನೋ ತೆರೆದಿದ್ದ, ಆದರೆ ನುಗ್ಗಲು ಜಾಗವಿರಲಿಲ್ಲ. ಮ್ಯಾನೇಜರ ಕಾರು ಗಕ್ಕನೆ ನಿಂತು, ಒಮ್ಮೆ ಕೆಮ್ಮಿ, ಸುಮ್ಮನಾಯಿತು.

“ಸಾರ್, ನಾನು ಬೇಗ ಬಂದಿದ್ದೆ ಸಾರ್,” ಗುಮಾಸ್ತ ಕೈಮುಗಿದ. “ಲೇಟಾಗಿ ಬಂದಿದ್ದು ಕಾರು ಮಾತ್ರ.”

ಮ್ಯಾನೇಜರ ಗಮನವೆಲ್ಲ ಕಾರಿನ ಮೇಲಿತ್ತು. ಕೀ ತಿರುಗಿಸಿದರು. ಮತ್ತೆ ತಿರುಗಿಸಿದರು. ಕಾರು ಮಿಸುಕಲಿಲ್ಲ. ಅವರ ಹಣೆಯಲ್ಲಿ ಬೆವರೊಡೆಯಿತು. ಆಫೀಸಿನ ಕಿಟಕಿಗಳಲ್ಲೆಲ್ಲ ತಲೆಗಳು ಮೂಡಿದವು.

ಮೇಷ್ಟ್ರಿಗೆ ಹೇಳಿಕೊಡಬೇಕೆ? ಚಿಕ್ಕ ಕಾರನ್ನು ಬದಿಗೆ ಸರಿಸಿ ಅಂಗಿಯ ತೋಳು ಮಡಚಿದರು. “ಸೆಕೆಂಡ್ ಗೇರ್ ಹಾಕ್ಕೊಳ್ಳಿ ಸಾಹೇಬ್ರೇ. ಸೀಟಿ ಊದಿದ ತಕ್ಷಣ ಕ್ಲಚ್ ಬಿಡಿ. ಟೈಲರ್, ನೀನು ಎಡಗಡೆ!” ಸೀಟಿ ಊದಿದ್ದೇ ತಡ, ಅರಮನೆ ಗುಡುಗಿ ಒಳಗೆ ನುಗ್ಗಿತು.

ಇನ್ನು ತನ್ನ ಕತೆ ಮುಗಿಯಿತು ಎಂದುಕೊಂಡ ಗುಮಾಸ್ತ. ಸಂಜೆ ಮ್ಯಾನೇಜರ ಕರೆ ಬಂತು. ಒಳಗೆ ಹೋದರೆ ಅವರೇ ಎದ್ದು ಬಾಗಿಲು ಹಾಕಿದರು.

“ನಿಂತ್ರೆ ಸ್ಟಾರ್ಟ್ ಆಗಲ್ಲ ಕಣ್ರೀ ಅದು,” ತಗ್ಗಿದ ದನಿಯಲ್ಲಿ ಹೇಳಿದರು. “ಅದಕ್ಕೇ ಎಲ್ಲೂ ನಿಲ್ಲಿಸಲ್ಲ. ದಿನಾ ಬೆಳಿಗ್ಗೆ ನನ್ನ ಹೆಂಡತೀನೇ ತಳ್ಳೋದು, ಸಂಜೆ ಎಲ್ಲರೂ ಹೋದ ಮೇಲೆ ವಾಚ್‌ಮನ್. ಇವತ್ತು ತಳ್ಳೋವಾಗ ಅವಳಿಗೆ ಸೊಂಟ ಹಿಡ್ಕೊಂಡಿದೆ.”

“ಅಯ್ಯೋ ಪಾಪ, ಸಾರ್.”

“ನಿಮ್ಮ ಕೆಲಸಕ್ಕೇನೂ ಭಯ ಇಲ್ಲ. ನಾಳೆಯಿಂದ ಆ ಇಬ್ಬರನ್ನೂ ಕರ್ಕೊಂಡು ಮೊದಲು ನಮ್ಮ ಮನೆಗೆ ಬನ್ನಿ.”

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. “ಖಂಡಿತಾ ಸಾರ್. ಬಸ್ಸಲ್ಲಿ ಬೇಗ ಬಂದುಬಿಡ್ತೀವಿ.”

“ನಮ್ಮ ಕಡೆ ಎಲ್ಲಿದೆ ಬಸ್ಸು? ನಿಮ್ಮ ಕಾರಲ್ಲೇ ಬನ್ನಿ,” ಎಂದರು ಮ್ಯಾನೇಜರು. “ಲೇಟಾದ್ರೆ ಮಾತ್ರ, ನಿನ್ನೆ ಹೇಳಿದ ಮಾತೇ.”

ಗುಮಾಸ್ತ ಹೊರಗೆ ಬಂದ. ಅಳಬೇಕೆನಿಸಿತು, ಅಳುವುದಕ್ಕೂ ತ್ರಾಣವಿರಲಿಲ್ಲ. ಗೇಟಿನ ಬಳಿ ಮೂವರೂ ಅವನಿಗಾಗಿ ಕಾದಿದ್ದರು. ಹೆಂಡತಿ ತನ್ನಪ್ಪನ ಸೀಟಿನಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದಳು, ಇಳಿಯುವ ಲಕ್ಷಣವೇ ಇರಲಿಲ್ಲ.

“ನಾನೇ ಓಡಿಸ್ತೀನಿ ರೀ, ಇವತ್ತು ಕಲಿತ್ಕೊಂಡೆ.”

“ಹಾಗಾದ್ರೆ ನೀವು ಮಧ್ಯಕ್ಕೆ ಬನ್ನಿ,” ಎಂದರು ಮೇಷ್ಟ್ರು, ಸೀಟಿ ಒರೆಸಿಕೊಳ್ಳುತ್ತಾ. “ಬರುವಾಗ ಇಳಿಜಾರಿತ್ತು. ಈಗ ಮನೆವರೆಗೂ ಏರು.”